ಸ್ಪಷ್ಟನೆ: 9 ವೋಲ್ಟ್ ಬ್ಯಾಟರಿಯಿಂದ ಫೈಬ್ರೊಮಯಾಲ್ಜಿಯಾ ವಾಸಿಯಾಗದು

‘ಹಣೆಗೆ ಒದ್ದೆ ಸ್ಪಂಜಿಟ್ಟು 9 ವೋಲ್ಟ್ ಬ್ಯಾಟರಿ ಜೋಡಿಸಿ, ಫೈಬ್ರೊಮಯಾಲ್ಜಿಯಾ ಮಾಯ, ಮಾತ್ರೆ ಬೇಡ’ ಎಂಬ ವಾಟ್ಸ್ಆ್ಯಪ್ ಸಂದೇಶ ತಪ್ಪು. ಫೈಬ್ರೊಮಯಾಲ್ಜಿಯಾ ಎಂದರೆ ಮೈಯೆಲ್ಲ ದೀರ್ಘಕಾಲ ನೋಯುವ ಕಾಯಿಲೆ.

ತಲೆಯ ಮೇಲಿಂದ ಮಿದುಳಿಗೆ ಸಣ್ಣ ಕರೆಂಟು ಹಾಯಿಸುವ ಟಿಡಿಸಿಎಸ್ ಎಂಬ ಚಿಕಿತ್ಸೆ ಇರುವುದು ನಿಜ. ಅದರಲ್ಲಿ ಸಾಮಾನ್ಯವಾಗಿ 2 ಮಿಲಿಆಂಪಿಯರ್ ಕರೆಂಟನ್ನು 20 ನಿಮಿಷ ಹರಿಸುತ್ತಾರೆ. ಆನೋಡ್ (ಧನ ತುದಿ) ನೆತ್ತಿಯ ಪಕ್ಕದಲ್ಲಿ, ಚಲನೆ ನಿಯಂತ್ರಿಸುವ ಮಿದುಳಿನ ಭಾಗದ ಮೇಲೆ. ಕ್ಯಾಥೋಡ್ (ಋಣ ತುದಿ) ಎದುರು ಬದಿಯ ಹುಬ್ಬಿನ ಮೇಲೆ. ಕರೆಂಟನ್ನು ಯಂತ್ರವೇ ಮೆಲ್ಲಗೆ ಏರಿಸಿ ಇಳಿಸುತ್ತದೆ. ಬರೀ ಬ್ಯಾಟರಿಗೆ ಆ ಹಿಡಿತ ಎಲ್ಲಿಂದ ಬರಬೇಕು? ಸ್ಪಂಜಿನ ಒಂದು ಮೂಲೆ ಒಣಗಿದರೂ ಕರೆಂಟು ಉಳಿದ ಜಾಗದಲ್ಲಿ ಒತ್ತಾಗಿ ಹರಿದು ಚರ್ಮ ಸುಡಬಹುದು.

ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ಪರಾಮರ್ಶೆ ಕಂಡಂತೆ, ದೀರ್ಘಕಾಲದ ನೋವಿಗೆ ಟಿಡಿಸಿಎಸ್ ಫಲಿಸುತ್ತದೆ ಎಂಬುದಕ್ಕೆ ಪುರಾವೆ ದುರ್ಬಲ. ಸಿಕ್ಕರೂ ಅಲ್ಪಾವಧಿಯ ಉಪಶಮನ. ಈ ಕಾಯಿಲೆಗೆ ಕೊಡುವ ಡುಲಾಕ್ಸೆಟಿನ್ ಮಾತ್ರೆಯನ್ನು ದಿಢೀರನೆ ಬಿಟ್ಟರೆ ತಲೆಸುತ್ತು, ವಾಕರಿಕೆ ಬರಬಹುದು. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಸಂದೇಶ ಬಂದಿದ್ದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ.