ಬೋರ್ಡಿನಲ್ಲೇ ಇದೆಯಲ್ಲ, ಉಚಿತ!

ಮಡಿಕೇರಿ ಕಡೆಯ ನಮ್ಮ ರಸ್ತೆ ತಿರುವಿನಲ್ಲಿ ಒಂದು ಬೋರ್ಡು ಇದೆ. ಮೇಲಿನ ಸಾಲು: ‘ಅನುಚಿತ ವರ್ತನೆ ನಿಷೇಧಿಸಿದೆ’. ಕೆಳಗಿನ ಸಾಲು: ‘ವಾಹನ ನಿಲುಗಡೆ ಉಚಿತ’.

ವೀಕೆಂಡಿಗೆ ಬಂದ ಹುಡುಗನೊಬ್ಬ ಅದರ ಕಂಬಕ್ಕೇ ಒರಗಿಕೊಂಡು ಬಿಯರ್ ಹೀರುತ್ತಿದ್ದ. ‘ಓದಲಿಲ್ವೇನಪ್ಪಾ?’ ಅಂದೆ. ‘ಫ್ರೀ ಅಂತ ಇದೆಯಲ್ಲ ಅಂಕಲ್’ ಅಂದ.

ಪಾಪ, ತಪ್ಪು ಅವನದಲ್ಲ, ಪದದ್ದು. ಸಂಸ್ಕೃತದಲ್ಲಿ ‘ಉಚ್’ ಅಂತ ಒಂದು ಧಾತು. (ನಗಬೇಡಿ, ರಸ್ತೆ ಬದಿಯ ಆ ಕೆಲಸಕ್ಕೂ ಇದಕ್ಕೂ ಸಂಬಂಧ ಇಲ್ಲ.) ಹಿಡಿಸುವುದು, ರೂಢಿಯಾಗುವುದು ಅಂತ ಅರ್ಥ. ಅದರಿಂದ ಬಂದದ್ದು ಉಚಿತ: ರೂಢಿಯಲ್ಲಿರುವುದು, ತಕ್ಕದ್ದು. ಅದರ ಮೊದಲಿಗೆ ‘ಅನ್’ ಸೇರಿಸಿದರೆ ಅನುಚಿತ. ಹಿಂದಿಯವರಿಗೆ ‘ಉಚಿತ್ ವ್ಯವಹಾರ್’ ಅಂದರೆ ಇವತ್ತಿಗೂ ಸರಿಯಾದ ನಡತೆ. ನಮ್ಮ ಕಿವಿಗೆ ಅದು ದುಡ್ಡಿಲ್ಲದ ವ್ಯಾಪಾರ! ನಾವೂ ತೆಲುಗಿನವರೂ ಸೇರಿ ಉಚಿತವನ್ನು ಬಿಟ್ಟಿ ಮಾಡಿಬಿಟ್ಟೆವು. ಅನುಚಿತ, ಸಮಯೋಚಿತ, ಔಚಿತ್ಯದಂಥ ಪದಗಳಲ್ಲಿ ಮಾತ್ರ ಹಳೆಯ ಮರ್ಯಾದೆ ಒಂಚೂರು ಉಳಿದಿದೆ.

ಧಾತು ಹಿಡಿದು ವಾದಕ್ಕಿಳಿದರೂ ಸೋಲು ನಮ್ಮದೇ. ರೂಢಿಯಾದದ್ದೇ ಉಚಿತ ಅಲ್ವಾ? ಶನಿವಾರ ರಸ್ತೆ ಮಧ್ಯೆ ಕಾರು ನಿಲ್ಲಿಸಿ ಕುಣಿಯುವುದು ರೂಢಿ. ಬೇಡ ಅನ್ನುವ ನಾನೇ ಅನುಚಿತ.

11ನೇ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರ, ಔಚಿತ್ಯವೇ ಕಾವ್ಯದ ಜೀವ ಅಂದ. ಡಾಬನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ಹಾಕಿಕೊಂಡರೆ ಯಾರು ನಗುವುದಿಲ್ಲ ಅಂತ ಕೇಳಿದ. ಪುಣ್ಯಾತ್ಮ ನಮ್ಮ ಮಾಂದಲ್‌ಪಟ್ಟಿ ಬೆಟ್ಟದ ಪ್ರವಾಸಿಗರನ್ನು ನೋಡಿರಲಿಲ್ಲ. ಸೀಟಿನ ಮೇಲಿರಬೇಕಾದ ಮನುಷ್ಯ ಸನ್‌ರೂಫಿನ ಮೇಲೆ. ಮರದಲ್ಲಿರಬೇಕಾದ ಕಿತ್ತಳೆ ಡಿಕ್ಕಿಯೊಳಗೆ. ಡಿಕ್ಕಿಯಲ್ಲಿರಬೇಕಾದ ಸ್ಪೀಕರು ಬಾನೆಟ್ ಮೇಲೆ. ಕೊಡಗಿನ ಕಿತ್ತಳೆ ಮೊದಲೇ ಕಮ್ಮಿ ಸ್ವಾಮಿ, ಅದನ್ನಾದರೂ ಬಿಡಿ.

ಬರೆಯುವಾಗ ನಗು ಬರುತ್ತೆ. ಹೋದ ಬುಧವಾರ ಬರಲಿಲ್ಲ. ರಸ್ತೆ ಬದಿಯ ಕಾಫಿ ಸಾಲಿನಲ್ಲಿ ಕಳೆ ತೆಗೆಯುತ್ತಿದ್ದ ಅಕ್ಕನೊಬ್ಬಳ ಅಂಗಾಲಿಗೆ ಬಿಯರ್ ಬಾಟಲಿಯ ಚೂರು ಹೊಕ್ಕಿತು. ಹವಾಯಿ ಚಪ್ಪಲಿ ಸೀಳಿಕೊಂಡು ಹೋಗಿತ್ತು. ಐದು ಹೊಲಿಗೆ. ಸೂಜಿ ಚುಚ್ಚುವಾಗ ಹಲ್ಲು ಕಚ್ಚಿಕೊಂಡು, ‘ಕುಡಿಯೋದು ಕುಡೀಲಿ ಅಣ್ಣಾ, ಒಡೆಯೋದ್ಯಾಕೆ?’ ಅಂತ ಕೇಳಿದಳು. ನನಗೆ ಉತ್ತರ ಗೊತ್ತಿಲ್ಲ. ಇಷ್ಟು ವರ್ಷ ನೋಡಿಯೂ ಗೊತ್ತಾಗಲಿಲ್ಲ. ಸುಸ್ತಾಗಿದೆ.

ಮೊನ್ನೆ ಬೋರ್ಡಿಗೆ ಹೊಸ ಬಣ್ಣ ಬಳಿದರು. ಕೆಳಗಿನ ಸಾಲಿಗೆ ಮಾತ್ರ.