ತ್ಸೇರೆನ್ಸ್‌ಡಾರ್ಫ್‌ನ 206 ಜನ

ಹೋದ ಭಾನುವಾರ ಮಗಳ ಜೊತೆ ತ್ಸೇರೆನ್ಸ್‌ಡಾರ್ಫ್‌ಗೆ ಹೋಗಿದ್ದೆ. ಬರ್ಲಿನ್‌ನಿಂದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್. ವ್ಯೂನ್ಸ್‌ಡಾರ್ಫ್ ತನಕ ರೈಲು, ಆಮೇಲೆ ಸೈಕಲ್. ಇದು ಒಂದು ಊರಿನ ಹೆಸರು, ಆದರೆ ಊರೇ ಇಲ್ಲ. ಸೈನ್ಯದ ತರಬೇತಿಗೆ ಜಾಗ ಬೇಕು ಅಂತ ನೂರು ವರ್ಷಗಳ ಹಿಂದೆಯೇ ಜನರನ್ನು ಎಬ್ಬಿಸಿದ್ದರು. ಈಗ ಇರುವುದು ಪೈನ್ ಕಾಡು, ಅದರೊಳಗೆ ಭಾರತದ ಸೈನಿಕರ ಸ್ಮಶಾನ.

206 ಜನ ಅಲ್ಲಿ ಮಲಗಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರ ಕೈಗೆ ಸಿಕ್ಕಿ, ಹತ್ತಿರದ ‘ಅರ್ಧಚಂದ್ರ’ ಶಿಬಿರದಲ್ಲಿದ್ದವರು. ಇವರನ್ನು ಬ್ರಿಟಿಷರ ವಿರುದ್ಧ ತಿರುಗಿಸುವ ಆಸೆ ಜರ್ಮನ್ನರಿಗಿತ್ತು. ಮುಸ್ಲಿಂ ಕೈದಿಗಳಿಗೆ ಅಂತ 1915ರಲ್ಲಿ ಮರದ ಮಸೀದಿಯನ್ನೂ ಕಟ್ಟಿಸಿದ್ದರು. ಆದರೆ ಇಲ್ಲಿನ ಚಳಿಗೆ, ಕಾಯಿಲೆಗೆ ಎಷ್ಟೋ ಹುಡುಗರು ಹೋಗಿಬಿಟ್ಟರು. ಆಮೇಲೆ ಸ್ಮಶಾನಕ್ಕೂ ದಿಕ್ಕಿಲ್ಲದಂತಾಯಿತು. ಎರಡನೇ ಮಹಾಯುದ್ಧದ ನಂತರ ಇಲ್ಲಿ ಸೋವಿಯತ್ ಸೈನ್ಯ ಇದ್ದಷ್ಟು ಕಾಲ ಹೊರಗಿನವರು ಹೋಗುವ ಹಾಗೇ ಇರಲಿಲ್ಲ. ಅದನ್ನು ಸರಿ ಮಾಡಿ ಮತ್ತೆ ತೆರೆದದ್ದು 2005ರಲ್ಲಿ.

ಒಂದು ಕಲ್ಲಿನ ಮೇಲೆ ಪೈನ್ ಎಲೆ ಒದ್ದೆಯಾಗಿ ಅಂಟಿಕೊಂಡಿತ್ತು. ಮಗಳು ಕೈಯಿಂದ ಒರೆಸಿ ಓದಿದಳು. ನಂಬರ್, ಹುದ್ದೆ, ಹೆಸರು, ಗೂರ್ಖಾ ರೈಫಲ್ಸ್, ಸತ್ತ ದಿನ. “ಅಪ್ಪಾ, ಊರು ಯಾವ್ದು ಅಂತ ಬರೆದೇ ಇಲ್ವಲ್ಲ?” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಶಿಬಿರದ ಕೈದಿಗಳ ದನಿಯನ್ನು ಜರ್ಮನ್ ವಿದ್ವಾಂಸರು ಭಾಷೆಯ ಅಧ್ಯಯನಕ್ಕೆ ಅಂತ ಮುದ್ರಿಸಿಕೊಂಡಿದ್ದರು. ಬರ್ಲಿನ್‌ನ ಹಂಬೋಲ್ಟ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಅವು ಈಗಲೂ ಇವೆ. 1916ರ ಡಿಸೆಂಬರ್ 11ರಂದು ಮಾಲ್ ಸಿಂಗ್ ಅನ್ನುವವರು ಪಂಜಾಬಿಯಲ್ಲಿ ಮಾತಾಡಿದ್ದಾರೆ. ಹಿಂದೂಸ್ತಾನದಲ್ಲಿ ಹಾಲು, ಬೆಣ್ಣೆ ತಿಂದುಕೊಂಡಿದ್ದ ಒಬ್ಬ ಮನುಷ್ಯ ಇಂಗ್ಲಿಷರ ಸೈನ್ಯ ಸೇರಿದ, ಜರ್ಮನಿ ಅವನನ್ನು ಹಿಡಿದುಕೊಂಡಿತು, ಇನ್ನೆರಡು ವರ್ಷ ಇಲ್ಲೇ ಇದ್ದರೆ ಅವನು ಸಾಯುತ್ತಾನೆ ಅಂತ. ತನ್ನ ಕಥೆಯನ್ನೇ ಬೇರೆ ಯಾರದೋ ಎಂಬಂತೆ ಹೇಳಿದ್ದಾರೆ. ಅಲ್ಲಿಂದ ಬಂದ ಮೇಲೂ ಅದು ತಲೆಯಿಂದ ಹೋಗುತ್ತಿಲ್ಲ.

ಫೋಟೋ ಹಾಕಿದಾಗ ಗೆಳೆಯರೊಬ್ಬರು, “ಬ್ರಿಟಿಷರ ಸಂಬಳಕ್ಕೆ ಹೋದವರು, ಅವರಿಗೆ ನಾವ್ಯಾಕೆ ಹೂವಿಡಬೇಕು?” ಅಂತ ಕೇಳಿದರು. ಸಂಬಳಕ್ಕೆ ಹೋದದ್ದು ನಿಜ. ಸಿಪಾಯಿಗೆ ಆಗ ತಿಂಗಳಿಗೆ 11 ರೂಪಾಯಿ. ಊರಲ್ಲಿ ಹೊಲ, ಸಾಲ, ಕಾಯುವ ತಾಯಿ. ಅಷ್ಟು ಕಾರಣಕ್ಕೆ ಅವರು ನಮ್ಮವರಲ್ಲದೆ ಹೋಗುತ್ತಾರಾ?

ನಮ್ಮೂರ ಕೆರೆ ಏರಿ ಮೇಲೆ ಒಂದು ವೀರಗಲ್ಲಿದೆ. ಅಕ್ಷರ ಸವೆದುಹೋಗಿದೆ. ಅಜ್ಜಿ ಹಬ್ಬಕ್ಕೆ ಮೊದಲು ಅದನ್ನು ತೊಳೆದು, ಕುಂಕುಮ ಇಟ್ಟು, ಒಂದು ದಾಸವಾಳ ಇಡುತ್ತಿದ್ದರು. ಅವನು ಯಾವ ರಾಜನ ಕಡೆಯವನು ಅಂತ ಅವರು ಒಮ್ಮೆಯೂ ಕೇಳಲಿಲ್ಲ.

ನವೆಂಬರ್‌ನಲ್ಲಿ ಮತ್ತೆ ಹೋಗುತ್ತಿದ್ದೇವೆ. ಪ್ರತಿ ಕಲ್ಲಿನ ಮುಂದೆ ನಿಂತು ಹೆಸರನ್ನು ಜೋರಾಗಿ ಓದಬೇಕು ಅಂತ ಮಗಳ ಆಸೆ. ಬರ್ಲಿನ್‌ನಲ್ಲಿರುವ ಕನ್ನಡದವರು ಯಾರಾದರೂ ಬರುವುದಾದರೆ ಹೇಳಿ, ಒಂದೇ ರೈಲಿಗೆ ಹೋಗೋಣ.