ನೇಕಾರನ ಮಿದುಳು, ನಮ್ಮೆಜಮಾನ್ರ ಮೊಬೈಲು

ಮೊನ್ನೆ ಭಾನುವಾರ ನಾದಿನಿ ಮನೆ ಗೃಹಪ್ರವೇಶದಲ್ಲಿ ಊಟಕ್ಕೆ ಕೂತಾಗ ನಮ್ಮೆಜಮಾನ್ರು ಪಂಕ್ತಿ ಪೂರ್ತಿ ಕೇಳೋ ಹಾಗೆ "ಫ್ರಾನ್ಸಲ್ಲಿ ಊಟ ಏನೋ ಚೆನ್ನಾಗೇ ಇತ್ತು ಕಣ್ರೀ, ಇವಳೇ ಎಲ್ಲದಕ್ಕೂ ಬೇಡ ಬೇಡ ಅಂತ ನನ್ನನ್ನೂ ಉಪವಾಸ ಕೆಡವಿದ್ಲು" ಅಂದ್ರು. ಹೋಳಿಗೆ ನನ್ನ ಗಂಟಲಲ್ಲೇ ನಿಂತ್ಕೊಳ್ತು. ಆವತ್ತು ನಡೆದಿದ್ದು ಏನು ಅಂತ ನಾನೂ ಹೇಳಿಬಿಡ್ತೀನಿ, ಇಲ್ದಿದ್ರೆ ಇನ್ನು ಬರೋ ಮದುವೆ ಮುಂಜಿಗಳಲ್ಲೆಲ್ಲ ಇವರದೇ ವರ್ಷನ್ ಓಡುತ್ತೆ.

ಊರು ಲಿಯಾನ್. ಅಲ್ಲಿನ ಹಳೇ ಶೈಲಿ ಬಿಸ್ಟ್ರೋಗಳಿಗೆ, ಅಂದ್ರೆ ಪುಟ್ಟ ಊಟದ ಹೋಟೆಲುಗಳಿಗೆ, ಬೂಶೋಂ ಅಂತ ಬೇರೆ ಹೆಸರೇ ಇದೆ. ಕೆಂಪು ಬಿಳಿ ಚೌಕುಳಿ ಬಟ್ಟೆ ಹಾಸಿದ ಪುಟ್ಟ ಪುಟ್ಟ ಟೇಬಲ್ಲು, ಪಕ್ಕದವರ ಮೊಣಕೈ ನಮ್ಮ ತಟ್ಟೆಲಿ. ಸಾಯಂಕಾಲ ಐದೂವರೆಗೆ ನಮಗೆ ಹಸಿವು, ಅವರು ಬಾಗಿಲು ತೆಗೆಯೋದು ಏಳಕ್ಕೆ. ಅಷ್ಟು ಹೊತ್ತಿಗೆ ನಮ್ಮ ದರ್ಶಿನಿಗಳಲ್ಲಾದ್ರೆ ಟೋಕನ್ ತಗೊಂಡು, ನಿಂತ್ಕೊಂಡೇ ಖಾಲಿ ದೋಸೆ ತಿಂದು, ಬೈ ಟೂ ಕಾಫಿ ಕುಡಿದು, ಮನೆಗೆ ಹೋಗಿ ಮತ್ತೆ ಹಸಿವಾಗಿರೋದು.

ಒಳಗೆ ಹೋದ್ವಿ, ಕೂತ್ವಿ. ಬ್ರೆಡ್ ಬುಟ್ಟಿ ಬಂತು. ತಟ್ಟೆ ಇಲ್ಲ, ಬ್ರೆಡ್ಡನ್ನ ಟೇಬಲ್ ಮೇಲೇ ಇಟ್ಕೊಂಡು ಮುರಿದು ತಿನ್ನೋದು. ಮುಸುರೆ ಎಂಜಲು ಅಂತ ಬೆಳೆದ ಜೀವಕ್ಕೆ ಅದೊಂದು ಪರೀಕ್ಷೆ, ಆದ್ರೂ ಹಸಿವು ಕೇಳಲ್ವಲ್ಲ. ಆಮೇಲೆ ಓನರಮ್ಮ ಒಂದು ದೊಡ್ಡ ಕರೀ ಹಲಗೆ ತಂದು ನಮ್ಮ ಎದುರಿನ ಕುರ್ಚಿ ಮೇಲೆ ಅತಿಥಿ ತರ ಕೂರಿಸಿ ಹೋದ್ಲು. ಅದೇ ಮೆನು, ಚಾಕ್‌ಪೀಸಲ್ಲಿ, ಡಾಕ್ಟರ್ ಪ್ರಿಸ್ಕ್ರಿಪ್ಷನ್ ಅಕ್ಷರದಲ್ಲಿ.

ಇಲ್ಲಿಂದ ಶುರು ನಮ್ಮೆಜಮಾನ್ರ ಕಾರುಬಾರು. ಇವರಿಗೊಂದು ಚಟ ಇದೆ, ಯಾವ ಬೋರ್ಡ್ ಕಂಡ್ರೂ ಮೊಬೈಲ್ ಕ್ಯಾಮೆರಾ ಹಿಡಿದು ಟ್ರಾನ್ಸ್‌ಲೇಟ್ ಮಾಡಿ ಗಟ್ಟಿಯಾಗಿ ಓದೋದು. ಮೆಟ್ರೋಲಿ ಆಯ್ತು, ಚರ್ಚಲ್ಲಿ ಆಯ್ತು, ಹೋಟೆಲ್ ರೂಮಿನ ಶಾಂಪೂ ಬಾಟ್ಲಿನೂ ಬಿಟ್ಟಿಲ್ಲ. ಈಗ ಹಲಗೆ ಮುಂದೆ ಬಗ್ಗಿ "ಸೈನಿಕನ ಏಪ್ರನ್" ಅಂತ ಓದಿದ್ರು. ಅದು ಹಸುವಿನ ಹೊಟ್ಟೆಯ ಚೀಲವನ್ನ ಬ್ರೆಡ್ ಪುಡಿಲಿ ಹೊರಳಿಸಿ ಹುರಿಯೋದಂತೆ, ಪುಣ್ಯಕ್ಕೆ ಆಮೇಲೆ ಗೊತ್ತಾಗಿದ್ದು. ಮುಂದಿನ ಸಾಲಲ್ಲಿ "ಗಾತೋ" ಅಂತಿತ್ತು, ಇವರ ಮುಖ ಅರಳ್ತು, "ಗಾತೋ ಅಂದ್ರೆ ಕೇಕು ಕಣೇ, ಇದನ್ನೇ ತಗೋಳೋಣ." ಪೂರ್ತಿ ಸಾಲು ಓದಿದ್ರೆ ಕೋಳಿ ಲಿವರಿನ ಕೇಕು. ಸಲಾಡ್ ಆದ್ರೂ ಕೇಳೋಣ ಅಂದ್ರೆ ಲಿಯಾನ್ ಸಲಾಡಲ್ಲಿ ಸೊಪ್ಪಿಗಿಂತ ಹಂದಿ ತುಂಡೇ ಎದ್ದು ಕಾಣುತ್ತೆ. ಮೇಲೊಂದು ಮೊಟ್ಟೆ ಇರುತ್ತೆ, ಅದೇನೂ ಅಡ್ಡಿ ಇಲ್ಲ, ನಮ್ಮಲ್ಲಿ ಮೊಟ್ಟೆ ಏರ್‌ಪೋರ್ಟ್ ದಾಟಿದ ಮೇಲೆ ಸಸ್ಯಾಹಾರ.

ಓನರಮ್ಮ ಬಂದ್ಲು. ಮಾಂಸ ಇಲ್ಲ, ಮೀನು ಇಲ್ಲ ಅಂತ ಕೈಸನ್ನೆ ಮಾಡಿದ್ವಿ. ಪಾಪ, ಒಳ್ಳೆಯವಳು, ಯೋಚನೆ ಮಾಡಿ ಹಲಗೆಯ ಕೆಳಗಡೆ ಸಾಲಿನ ಮೇಲೆ ಬೆರಳಿಟ್ಟು "ಸೆರ್ವೆಲ್ ದ ಕಾನ್ಯು" ಅಂದ್ಲು. ಇವರು ಕ್ಯಾಮೆರಾ ಹಿಡಿದ್ರು. ಹಿಡಿದವರೇ ಬೆಚ್ಚಿಬಿದ್ದು "ಅಯ್ಯಯ್ಯೋ, ರೇಷ್ಮೆ ನೇಕಾರನ ಮಿದುಳು ಕಣೇ!" ಅಂದ್ರು.

ನಾನು ಬೇಡ ಅಂದೆ. ಹೌದು, ಅಂದೆ. ಇವರು ಅದಕ್ಕಿಂತ ಜೋರಾಗಿ "ನೋ ನೋ, ನೋ ಬ್ರೈನ್" ಅಂತ ತಲೆ ಮೇಲೆ ಟಪಟಪ ಹೊಡ್ಕೊಂಡು ತೋರಿಸಿದ್ರು. ಆಯಮ್ಮ ನಗ್ತಾ ತನ್ನ ತಲೆ ಮುಟ್ಟಿ, ಬೆರಳು ಅಲ್ಲಾಡಿಸಿ, ಮತ್ತೆ ಹಲಗೆ ಮುಟ್ಟಿದ್ಲು. ಇವರು ಮತ್ತೆ ತಲೆ ಹೊಡ್ಕೊಂಡ್ರು. ಅವಳು ತಲೆ, ಇವರು ತಲೆ, ಅವಳು ಹಲಗೆ, ಇವರು ತಲೆ. ಸುತ್ತಮುತ್ತ ಟೇಬಲ್‌ನವರು ಫೋರ್ಕ್ ಕೆಳಗಿಟ್ಟು ನೋಡೋಕೆ ಶುರು ಮಾಡಿದ್ರು. ನಾನು ಬ್ರೆಡ್ ಬುಟ್ಟಿ ನೋಡ್ತಾ ಕೂತೆ, ಗಂಡ ಯಾರೋ ನಾನ್ಯಾರೋ ಅನ್ನೋ ಹಾಗೆ.

ಕೊನೆಗೆ ಪಕ್ಕದ ಟೇಬಲ್ಲಿನ ಮುದುಕಪ್ಪ ತನ್ನ ಬಟ್ಟಲು ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದ. ಬೆಳ್ಳಗೆ, ಗಟ್ಟಿಯಾಗಿ, ಮೇಲೆ ಸಣ್ಣಗೆ ಹೆಚ್ಚಿದ ಹಸಿರು ಎಲೆ, ಬೆಳ್ಳುಳ್ಳಿ ವಾಸನೆ. "ರೀ, ಇದು ಮೊಸರು ಕಣ್ರೀ!" ಅಂದೆ. ಮೊಸರಂತೂ ಅಲ್ಲ, ಮೊಸರಿನ ತರಾನೇ ಇರೋ ಅವರ ಮೆತ್ತನೆ ಚೀಸು ಫ್ರೊಮಾಜ್ ಬ್ಲಾಂಗೆ ಈರುಳ್ಳಿ ಸೊಪ್ಪಿನಂಥದ್ದು, ಬೆಳ್ಳುಳ್ಳಿ, ಉಪ್ಪು, ಮೆಣಸು, ಎಣ್ಣೆ, ವಿನೆಗರ್ ಹಾಕಿ ಕಲಸಿರೋದು. ಇಡೀ ಹಲಗೆಲಿ ನಾವು ಕಣ್ಮುಚ್ಚಿ ತಿನ್ನಬಹುದಾಗಿದ್ದ ಒಂದೇ ಒಂದು ಪದಾರ್ಥ, ಅದಕ್ಕೇ ನಾವು ತಲೆ ಚಚ್ಚಿಕೊಂಡಿದ್ದು.

ಕಾನ್ಯು ಅಂದ್ರೆ ಆ ಊರಿನ ರೇಷ್ಮೆ ನೇಕಾರರು. ಅವರಿದ್ದ ಕ್ರುವಾ ರೂಸ್ ಗುಡ್ಡಕ್ಕೆ ಬೆಳಿಗ್ಗೆ ತಾನೇ ಹೋಗಿ ಬಂದಿದ್ವಿ, ಅಲ್ಲಿ ಜಕಾರ್ಡ್‌ನ ಪ್ರತಿಮೆ ಇದೆ. ಜಕಾರ್ಡ್ ಅನ್ನೋದು ಮನುಷ್ಯನ ಹೆಸರು ಅಂತ ನನಗೆ ಗೊತ್ತಾಗಿದ್ದೇ ಅಲ್ಲಿ. 1804ರಲ್ಲಿ ಈ ಪುಣ್ಯಾತ್ಮ ಮಾಡಿದ ಮಗ್ಗದ ಸಂತತಿಯೇ ದೊಡ್ಡಬಳ್ಳಾಪುರದಲ್ಲಿ ನಮ್ಮ ತಾತನ ತಲೆ ಮೇಲೆ ತೂತು ತೂತಿನ ರಟ್ಟುಗಳನ್ನ ತಿರುಗಿಸ್ತಾ ಟಕಟಕ ಅಂತಿದ್ದದ್ದು. ಮಧ್ಯಾಹ್ನ ಮಗ್ಗ ನಿಲ್ಲಿಸಿ, ಅಲ್ಲೇ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ತಾತ ತಿಂತಿದ್ದದ್ದೂ ಮೊಸರನ್ನ, ಹಸಿ ಈರುಳ್ಳಿ. ಮಾಂಸ ಕೊಳ್ಳೋಕೆ ಕಾಸಿಲ್ಲದ ಲಿಯಾನ್ ನೇಕಾರರ ಊಟ ಈ ಸೆರ್ವೆಲ್, ಅದಕ್ಕೇ ಹೆಸರು ಹಿಂಗೆ ಅಂತಾರೆ. ಕೊನೆಗೆ ಅದನ್ನೇ ತರಿಸ್ಕೊಂಡು ತಿಂದಾಗ, ಎರಡನೇ ತುತ್ತಿಗೆ ನನಗೆ ಯಾಕೋ ಕಣ್ಣು ತುಂಬ್ತು. ಬೆಳ್ಳುಳ್ಳಿ ಜಾಸ್ತಿ ಇತ್ತು ಅಂತ ಇವರಿಗೆ ಹೇಳ್ದೆ.

ಆಮೇಲೆ ಬಿಲ್ಲು. ಅಲ್ಲಿ ನಾವಾಗಿ ಕೇಳೋವರೆಗೂ ತರಲ್ಲ, ತಂದ್ರೆ ಎದ್ದು ಹೋಗಿ ಅಂದ ಹಾಗಂತೆ. ಇವರು ಗಾಳಿಲಿ ಸಹಿ ಹಾಕ್ತಾ ಮುಕ್ಕಾಲು ಗಂಟೆ ಕೂತ್ರು, ಬಾಯಿ ಬಿಟ್ಟು ಕೇಳೋಕೆ ಸಂಕೋಚ. ನನಗಂತೂ ದರ್ಶಿನಿ ಕ್ಯಾಶಿಯರ್ ಮುಖ ದೇವರ ತರ ನೆನಪಾಗ್ತಿತ್ತು.

ಹೊರಡೋವಾಗ ಓನರಮ್ಮ ಬಾಗಿಲ ತನಕ ಬಂದು, ನಮ್ಮೆಜಮಾನ್ರನ್ನ ನೋಡಿ ತಲೆ ಮೇಲೆ ಎರಡು ಸಲ ಬೆರಳು ತಟ್ಟಿ ನಕ್ಕಳು. ಇವರು ಅದನ್ನ ಆ ಊರಿನ ನಮಸ್ಕಾರ ಅಂದ್ಕೊಂಡು, ಬಗ್ಗಿ, ಭಕ್ತಿಯಿಂದ ತಮ್ಮ ತಲೇನೂ ತಟ್ಕೊಂಡ್ರು. ಇದನ್ನ ಗೃಹಪ್ರವೇಶದಲ್ಲಿ ಯಾಕೋ ಹೇಳಲೇ ಇಲ್ಲ ನೋಡಿ.